ನಿಂಬೆ ಮಲಗುವ ಜಾಗ

ಅಂಟಕ್ಕ ಕಲೆಸಲು ಕೂತಳೆಂದರೆ ಆ ಮನೆಯಲ್ಲಿ ಮಾತಿಗೆ ಬೀಗ. ಅಣ್ಣನಾಗಲಿ, ಗಾಜು ಕತ್ತರಿಸುವ ಕೆಲಸಗಾರರಾಗಲಿ, ಹೆತ್ತ ಮಗಳೇ ಆಗಲಿ, ಅವಳ ಕೈಯಲ್ಲಿ ಕಲೆಸುವ ಕಡ್ಡಿ ಕಂಡರೆ ಬಂದ ಕಾಲಲ್ಲೇ ಹಿಂದಕ್ಕೆ ಹೋಗಬೇಕು. ಇದರಲ್ಲಿ ಅವಳ ದರ್ಪವೇನೂ ಇರಲಿಲ್ಲ, ಅಂಟಿನ ಗುಣವೇ ಹಾಗೆ. ಎರಡು ಡಬ್ಬಿ. ಒಂದರಲ್ಲಿ ಜೇನಿನಂಥ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ತೆಳ್ಳಗಿನ ಹಾರ್ಡನರ್. ಬೇರೆ ಬೇರೆ ಇರುವಷ್ಟು ಹೊತ್ತು ಎರಡೂ ಸಾಧು. ಬೆರೆತ ಗಳಿಗೆಯಿಂದ ಮಾತ್ರ ಅವು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಬಟ್ಟಲಲ್ಲೇ ಬೆಚ್ಚಗಾಗುತ್ತ, ಬಿಗಿಯುತ್ತ, ನೋಡನೋಡುತ್ತ ಕಲ್ಲಾಗುತ್ತವೆ. ಅಷ್ಟರೊಳಗೆ ಸುರಿಯಬೇಕು, ಹರಡಬೇಕು, ಮೇಲೆ ಮರಳು ಉದುರಿಸಿ ಒತ್ತಬೇಕು. ಒಮ್ಮೆ ಅಣ್ಣ ನಡುವೆ ಬಂದು ಫೋನಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದ. ಅವಳು ತಲೆ ಎತ್ತಿ "ಆಮೇಲೆ" ಎಂದಳು, ಫೋನಿನವರು ಬಿಡಲಿಲ್ಲ, ಮಾತು ಮುಗಿಸಿ ಬರುವಷ್ಟರಲ್ಲಿ ಕಡ್ಡಿ ಬಟ್ಟಲಿನ ನಡುವೆ ನಿಂತಲ್ಲೇ ನಿಂತುಬಿಟ್ಟಿತ್ತು. ಅಣ್ಣ ಅದನ್ನು ಎಸೆಯಲಿಲ್ಲ. ಗಾಳಿಗೆ ಬಾಗಿಲು ಬಡಿಯದಂತೆ ಒತ್ತು ಕೊಟ್ಟು, ಬಂದವರಿಗೆಲ್ಲ "ನಮ್ಮ ಅಂಟಕ್ಕನ ಸಿಟ್ಟು ನೋಡಿ, ಹೆಪ್ಪುಗಟ್ಟಿದ್ದು" ಎಂದು ತೋರಿಸುತ್ತಿದ್ದ.

ಮುಂದೆ ವರ್ಕ್‌ಶಾಪು, ಹಿಂದೆ ಎರಡು ಕೋಣೆಯ ಮನೆ. ವರ್ಕ್‌ಶಾಪು ಅಣ್ಣನದು. ಅಳತೆ ಕೊಟ್ಟವರಿಗೆ ಮೀನಿನ ಗಾಜಿನ ತೊಟ್ಟಿ ಕಟ್ಟಿಕೊಡುವುದು ಅವನ ಕಸುಬು. ತಂಗಿಯ ಗಂಡ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ಅವಳು ಮಗಳ ಕೈಹಿಡಿದು ಬಾಗಿಲಿಗೆ ಬಂದಾಗ ಅಣ್ಣ ಏನೂ ಕೇಳದೆ ಹಿಂದಿನ ಕೋಣೆಗಳಲ್ಲೊಂದರ ಗಾಜಿನ ಚೂರು ಗುಡಿಸಿ ಕೊಟ್ಟಿದ್ದ. ಅವಳೂ ಕೂತು ಉಣ್ಣುವವಳಲ್ಲ. ಮೊದಲು ತೊಟ್ಟಿಯ ಮೂಲೆಗಳಿಗೆ ಅಂಟು ಎಳೆಯುವುದನ್ನು ಕಲಿತಳು, ಆಮೇಲೆ ಸೋರುವುದನ್ನು ಹುಡುಕುವುದನ್ನು. ಕೊನೆಗೆ ಯಾರೂ ಹೇಳಿಕೊಡದ ಒಂದು ಕೆಲಸ ಅವಳ ಕೈಗೆ ಹತ್ತಿತು. ಬೆರಳ ಸಂದಿನಲ್ಲಿ ಸದಾ ಒಣಗಿದ ಅಂಟಿನ ಪೊರೆ. ಕೆಲಸಗಾರರು ಅಂಟಕ್ಕ ಎಂದರು, ಅದೇ ನಿಂತಿತು.

ಆ ಕೆಲಸ ಗಟ್ಟಿ ತಳ ಮಾಡುವುದು. ಹವಳ ಬೆಳೆಸುವ ತೊಟ್ಟಿಗೆ ಮರಳು ಹಾಸಿದರೆ ಕಣ್ಣಿಗೆ ಚಂದ. ಆದರೆ ಹವಳಕ್ಕೆ ಬೇಕಾದಷ್ಟು ಜೋರಾಗಿ ಪಂಪು ಬಿಟ್ಟರೆ ಮರಳೆಲ್ಲ ಎದ್ದು ಹವಳದ ಮೈಮೇಲೇ ಕೂರುತ್ತದೆ. ಮೀನು ತಿಂದು ಬಿಟ್ಟದ್ದೆಲ್ಲ ಮರಳಿನಡಿ ಸೇರಿ ಕೊಳೆಯುತ್ತದೆ. ಬರೀ ಗಾಜಿನ ತಳ ಬಿಟ್ಟರೆ ಚೊಕ್ಕಟವೇನೋ ಹೌದು, ಆದರೆ ಹವಳದ ನಡುವೆ ಆಸ್ಪತ್ರೆಯ ಟ್ರೇ ಇಟ್ಟ ಹಾಗೆ ಕಾಣುತ್ತದೆ. ಅಂಟಕ್ಕ ಪ್ಲಾಸ್ಟಿಕ್ ಹಲಗೆಯನ್ನು ತೊಟ್ಟಿಯ ಅಳತೆಗೆ ಕೊಯ್ದು, ಉಜ್ಜುಕಾಗದದಿಂದ ತರಿತರಿ ಮಾಡಿ, ರೆಸಿನ್ ಹರಡಿ, ಅದರ ಮೇಲೆ ತೊಳೆದು ಒಣಗಿಸಿದ ಹವಳದ ಮರಳನ್ನು ಕೂರಿಸುತ್ತಿದ್ದಳು. ಇಷ್ಟನ್ನು ಯಾರಾದರೂ ಮಾಡಿಯಾರು. ನೀರು ಬಂಡೆಯನ್ನು ಸುತ್ತಿ ಹೋಗುವ ಕಡೆ ಮರಳು ಸವೆದು ಸಣ್ಣ ಹಳ್ಳವಾಗುತ್ತದೆ, ಹರಿವು ತಗ್ಗುವ ಕಡೆ ಗುಡ್ಡೆ ಬೀಳುತ್ತದೆ, ದಪ್ಪ ಕಾಳು ಹಿಂದುಳಿಯುತ್ತದೆ, ನುಣುಪು ಮುಂದೆ ಹೋಗುತ್ತದೆ. ಇದೆಲ್ಲವನ್ನೂ ಅವಳು ಹೆಬ್ಬೆರಳಿನಲ್ಲಿ ತರುತ್ತಿದ್ದಳು. ಒಡೆದ ಕಪ್ಪೆಚಿಪ್ಪನ್ನು ಅರ್ಧ ಹೂತು, ಉಳಿದರ್ಧ ಈಗತಾನೇ ಅಲೆ ಬಿಟ್ಟುಹೋದಂತೆ ಇಡುತ್ತಿದ್ದಳು. ನೋಡಿದವರು ಬೆರಳಿಂದ ಗೀರಿ ನೋಡಬೇಕು ಅನ್ನಬೇಕು, ಹಾಗೆ.

ವರ್ಕ್‌ಶಾಪಿನ ಮುಂಭಾಗದಲ್ಲಿ ಗಿರಾಕಿಗಳಿಗೆ ತೋರಿಸಲೆಂದೇ ಒಂದು ದೊಡ್ಡ ಹವಳದ ತೊಟ್ಟಿ ಇತ್ತು. ಅದಕ್ಕೆ ಮಾತ್ರ ಇನ್ನೂ ಮಾಮೂಲಿ ಮರಳೇ. ಸಾಬೂನು ಮಾಡುವವರ ಮನೆಯಲ್ಲೇ ಕೊಳೆ ಎಂಬಂತೆ. ಅದರ ನಿಗಾ ಎಲ್ಲ ಮಗಳದು. ಗಾಜು ಕತ್ತರಿಸುವವರಿಗೆ ಮೀನಿನ ಗೊಡವೆ ಯಾಕೆ? ಬೆಳಗಿನಿಂದ ಅಳತೆ, ಅಂಚು, ಅಂಟು. ಸಂಜೆಯಾದರೆ ಕೈತೊಳೆದು ಹೊರಟರು. ಮೀನಿಗೆ ತಿನ್ನಲು ಹಾಕುವವಳು, ಗಾಜಿನ ಪಾಚಿ ಒರೆಸುವವಳು, ಶಾಲೆಯಿಂದ ಬಂದು ಚೀಲ ಇಳಿಸದೆಯೇ ತೊಟ್ಟಿಯ ಮುಂದೆ ಕುಕ್ಕರಿಸುವವಳು ಅವಳೇ. ಚಿಕ್ಕವಳಿದ್ದಾಗ ಬಾಯಿ ಮುಚ್ಚದ ಮಗು. ಅದಕ್ಕೇ ಮಾವ ಗುಬ್ಬಿ ಅಂತ ಹೆಸರಿಟ್ಟಿದ್ದ. ಈ ಮನೆಗೆ ಬಂದ ಮೇಲೆ ಮಾತು ಕಡಿಮೆಯಾಗುತ್ತ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು. ಕೇಳಿದ್ದಕ್ಕೆ ಹೂಂ, ಊಹೂಂ. ತೊಟ್ಟಿಯ ಮೀನುಗಳಲ್ಲಿ ಅವಳಿಗೆ ಹೆಚ್ಚಿನದು ಒಂದು ಬೆರಳುದ್ದದ ಹಳದಿ ಮೀನು. ಅದಕ್ಕೆ ಅವಳಿಟ್ಟ ಹೆಸರು ನಿಂಬೆ. ಗಾಜಿಗೆ ಮೂತಿ ತಾಗಿಸಿ ಅದರೊಂದಿಗೆ ಅವಳು ಪಿಸಪಿಸ ಮಾತಾಡುವುದನ್ನು ಅಂಟಕ್ಕ ಹಿಂದಿನಿಂದ ಎಷ್ಟೋ ಸಲ ಕಂಡಿದ್ದಳು. ಅಷ್ಟಾದರೂ ಮಾತಾಡಲಿ ಎಂದು ಸುಮ್ಮನೆ ದಾಟಿಹೋಗಿದ್ದಳು.

ಹೀಗಿರುವಾಗ ಅಣ್ಣ ಒಂದು ದಿನ ಕುಣಿಯುತ್ತಲೇ ಬಂದ. ಹೊಸದಾಗಿ ಕಟ್ಟುತ್ತಿದ್ದ ಹೋಟೆಲೊಂದರ ಒಳಾಂಗಣಕ್ಕೆ ಗೋಡೆಯುದ್ದ ಹವಳದ ತೊಟ್ಟಿ ಬೇಕಂತೆ. ತಳ ನಿಜದ ಹಾಗೆ ಕಾಣಬೇಕು, ಆದರೆ ಒಂದು ಕಾಳು ಮರಳೂ ಹಾರಬಾರದು, ದಿನಾ ಗುಡಿಸುವ ರಗಳೆಯೂ ಇರಬಾರದು. ಹೋಟೆಲಿನ ಮೇಲ್ವಿಚಾರಕಿ ಖುದ್ದಾಗಿ ಬಂದು ನೋಡುತ್ತಾರಂತೆ. ಈ ಕೆಲಸ ಕೈಗೆ ಬಂದರೆ ವರ್ಕ್‌ಶಾಪಿಗೆ ವರ್ಷವಿಡೀ ಉಸಿರಾಡಲು ಪುರುಸೊತ್ತಿಲ್ಲ, ಬರದಿದ್ದರೆ ಈಗಿರುವ ಕೆಲಸಗಾರರಲ್ಲಿ ಯಾರನ್ನು ಮನೆಗೆ ಕಳಿಸಬೇಕೆಂದು ಯೋಚಿಸಬೇಕು. ತೋರಿಸಲು ಅಂಗಡಿಯದೇ ತೊಟ್ಟಿ ಇದೆ, ಅದಕ್ಕೆ ನಿನ್ನ ಕೈಯ ತಳ ಹಾಕು, ಇದುವರೆಗೆ ಮಾಡಿದ್ದೆಲ್ಲ ಒಂದು ತೂಕ, ಇದೊಂದು ತೂಕ ಆಗಬೇಕು ಎಂದು ತಂಗಿಯ ಮುಂದೆ ನಿಂತ.

ಅಂಟಕ್ಕ ಒಪ್ಪಿದಳು. ಹವಳಬಂಡೆಗಳನ್ನೂ ಮೀನುಗಳನ್ನೂ ನೀರು ತುಂಬಿದ ಟಬ್ಬುಗಳಿಗೆ ಸಾಗಿಸಿ, ಹಳೆ ಮರಳನ್ನು ಮೊಗೆದು ತೆಗೆದು, ತೊಟ್ಟಿಯನ್ನು ಉಜ್ಜಿದರು. ತೆಗೆಯುವ ಮುನ್ನ ಮರಳು ಎಲ್ಲೆಲ್ಲಿ ಹೇಗೆ ಬಿದ್ದಿತ್ತೆಂದು ಅವಳು ಮನಸ್ಸಿನಲ್ಲಿ ಬರೆದುಕೊಂಡಳು. ದೊಡ್ಡ ಬಂಡೆಯ ಎಡಕ್ಕೆ, ಮುಂಗಾಜಿಗೆ ಹತ್ತಿರ, ಗೇಣು ಎತ್ತರದ ಮೆತ್ತನೆ ದಿಬ್ಬವಿತ್ತು. ಅದು ಅವಳಿಗೆ ಬಹಳ ಹಿಡಿಸಿತು. ಹಲಗೆಯ ಮೇಲೆ ಹಗುರವಾದ ಫೋಮ್ ತುಂಡುಗಳನ್ನು ಕೊರೆದು ಅಂಟಿಸಿ ಅದೇ ದಿಬ್ಬ ಎಬ್ಬಿಸಿದಳು.

ದಿಬ್ಬಕ್ಕೆ ಮರಳು ಕೂರಿಸುವ ದಿನ ಮಗಳು ಬಂದಳು. ಅಂಟಕ್ಕ ಆಗಷ್ಟೇ ಎರಡು ಡಬ್ಬಿಯದನ್ನೂ ಒಂದೇ ಬಟ್ಟಲಿಗೆ ಹುಯ್ದಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. "ಅಮ್ಮಾ, ನಿಂಬೆ..." ಎಂದಿತು ಮಗು. ಅಂಟಕ್ಕ ತಲೆ ಎತ್ತದೆ ಎಡಗೈ ಎತ್ತಿದಳು. ಅಷ್ಟೇ, ಬೈಯಲೂ ಇಲ್ಲ. ಅಂಗೈ ಕಂಡದ್ದೇ ನೆರಳು ಸರಿಯಿತು. ಆಮೇಲೆ ಕೇಳೋಣ ಎಂದುಕೊಂಡಳು. ಸುರಿದಳು, ಹರಡಿದಳು, ಮುಷ್ಟಿಯಿಂದ ಮರಳು ಉದುರಿಸಿದಳು, ಹೆಬ್ಬೆರಳಲ್ಲಿ ಅಲೆಗೆರೆ ಎಳೆದಳು. ಅದು ಬಿಗಿಯುವಷ್ಟರಲ್ಲಿ ಇನ್ನೊಂದು ಬಟ್ಟಲಿಗೆ ಹೊತ್ತಾಗಿತ್ತು. ಊಟದ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಮಗಳು ತಟ್ಟೆ ನೋಡಿಕೊಂಡು ಉಂಡಳು, ಇವಳು ಗೋಡೆ ನೋಡಿಕೊಂಡು ಉಂಡಳು. ಕೇಳಬೇಕಾದ್ದು ಒಂದಿತ್ತು ಎಂಬುದು ಮಾತ್ರ ನೆನಪಿತ್ತು. ಏನು ಎಂಬುದು ಬರಲಿಲ್ಲ.

ಮಾರನೆಯ ದಿನ ಮೀನಿನ ಟಬ್ಬಿನಲ್ಲಿ ಒಂದು ಹಳೆ ಐಸ್‌ಕ್ರೀಮ್ ಡಬ್ಬಿ, ಅದರ ತುಂಬ ಮರಳು. ಅಂಟಕ್ಕನಿಗೆ ರೇಗಿತು. ನೀರು ಕದಡಿದರೆ ಪಂಪು ಕಟ್ಟುತ್ತದೆ ಎಂದು ಅಷ್ಟು ಸಲ ಹೇಳಿದ್ದಿದೆ. ಇದೇನು ಆಟದ ವಸ್ತುವೇ ಎಂದು ಮಗಳನ್ನು ಗದರಿ ಡಬ್ಬಿಯನ್ನು ಎತ್ತಿ ಹೊರಗಿಟ್ಟಳು. ಮಗಳು ಎದುರಾಡಲಿಲ್ಲ. ಡಬ್ಬಿ ತೊಳೆದು ಒರೆಸಿ ಗೂಡಿನಲ್ಲಿಟ್ಟಳು. ನಿಂಬೆ ಟಬ್ಬಿನ ಮೂಲೆಯಲ್ಲಿ ಮಂಕಾಗಿ ಒರಗಿತ್ತು. ಜಾಗ ಬದಲಾದ ಗಾಬರಿ ಅಂದುಕೊಂಡರು ದೊಡ್ಡವರು.

ತಳ ಚೆನ್ನಾಗಿ ಒಣಗಿ, ಉಪ್ಪುನೀರಿನಲ್ಲಿ ನೆನೆದು, ವಾಸನೆ ಪೂರ್ತಿ ಬಿಟ್ಟ ಮೇಲೆ ತೊಟ್ಟಿಯೊಳಗೆ ಇಳಿಸಿದರು. ಅಂಚಿನಲ್ಲಿ ಎಲ್ಲೂ ನೀರು ನುಸುಳದಂತೆ ಸಿಲಿಕೋನ್ ಅಂಟು ತುಂಬಿ ಅದರ ಮೇಲೂ ಮರಳೊತ್ತಿದಳು ಅಂಟಕ್ಕ. ಬಂಡೆಗಳು ಕೂತವು, ನೀರು ತುಂಬಿತು, ದೀಪ ಹತ್ತಿತು. ಕೆಲಸಗಾರರು ಕೈಯ ಕೆಲಸ ಬಿಟ್ಟು ಬಂದು ಸಾಲಾಗಿ ನಿಂತರು. ಪಂಪು ಪೂರ್ತಿ ಜೋರಿನಲ್ಲಿದೆ, ಹವಳದ ಎಳೆಗಳೆಲ್ಲ ತೂಗುತ್ತಿವೆ, ತಳದಲ್ಲಿ ಮಾತ್ರ ಒಂದು ಕಾಳು ಅಲುಗುತ್ತಿಲ್ಲ. ಆದರೂ ಅದನ್ನು ಗಟ್ಟಿ ಎನ್ನಲು ಕಣ್ಣು ಒಪ್ಪುವುದಿಲ್ಲ. ಅಣ್ಣ ಮೂಗನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನೋಡಿ, "ದೇವರು ಮಾಡಿದ್ದಕ್ಕೂ ಇಷ್ಟು ಪಾಲಿಶ್ ಇಲ್ಲ ಕಣೇ" ಎಂದ. ಅವಳಿಗೆ ನಗು ಬಂತು. ತುಂಬ ದಿನದ ಮೇಲೆ ಬಂದ ನಗು. ಮೀನುಗಳನ್ನು ಒಂದೊಂದಾಗಿ ಬಿಟ್ಟರು. ಹೋಟೆಲಿನವರು ನಾಡಿದ್ದು ಮಧ್ಯಾಹ್ನ ಬರುವವರಿದ್ದರು. ಎಲ್ಲರೂ ನೋಡಿದರು, ಮಗಳು ಮಾತ್ರ ಹಿಂದಿನ ಕೋಣೆಯಿಂದ ಬರಲಿಲ್ಲ. ಹೋಂವರ್ಕ್ ಇದೆಯಂತೆ.

ಸಂಜೆ ಕೆಲಸಗಾರರು ಹೋದ ಮೇಲೆ ತೊಟ್ಟಿಯ ದೀಪ ತಾನಾಗಿಯೇ ಮಂದವಾಗತೊಡಗಿತು. ಅಂಟಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಟಕ್ ಎಂದು ಏನೋ ಸದ್ದು. ಸ್ವಲ್ಪ ತಡೆದು ಮತ್ತೆ ಟಕ್. ಪಂಪಿನ ರೆಕ್ಕೆಗೆ ಕಲ್ಲು ಸಿಕ್ಕಿರಬೇಕೆಂದು ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ತೊಟ್ಟಿಯ ಮುಂದೆ ಮಗಳು ನಿಂತಿದ್ದಳು. ಎರಡೂ ಅಂಗೈ ಗಾಜಿಗೆ ಒತ್ತಿ, ತುಟಿ ಕಚ್ಚಿ, ಅಲುಗದೆ. ಒಳಗೆ ನಿಂಬೆ ದಿಬ್ಬದ ಮೇಲೆ ಒಂದು ಸುತ್ತು ಹಾಕಿತು, ತಲೆ ಕೆಳಗೆ ಮಾಡಿತು, ಮೈಯೆಲ್ಲ ಒಂದು ಬಾಣ ಮಾಡಿಕೊಂಡು ಮರಳಿಗೆ ನುಗ್ಗಿತು. ಟಕ್. ಅಡ್ಡ ಬಿದ್ದು ಉರುಳಿ, ಎದ್ದು, ಮತ್ತೆ ಸುತ್ತು. ಅದರ ಬಾಯಿಯ ಅಂಚು ಬೆಳ್ಳಗೆ ಕಿತ್ತುಬಂದಿತ್ತು.

ಅಂಟಕ್ಕನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು. "ಇದು ಮರಳಲ್ಲಿ ಮಲಗುತ್ತಾ?" ಎಂದು ಕೇಳಿದಳು.

ಮಗಳು ಹೂಂ ಎಂದಳು. ಕತ್ತಲಾದರೆ ಒಳಗೆ ಹೋಗುತ್ತೆ, ಬೆಳಿಗ್ಗೆ ಬರುತ್ತೆ, ದಿನಾ ಇದೇ ಜಾಗ ಎಂದಳು.

"ಯಾಕೆ ಹೇಳ್ಲಿಲ್ಲ ಮತ್ತೆ?"

"ನೀನು ಕಲೆಸ್ತಿದ್ದೆ."

"ಆಮೇಲೆ ಹೇಳಬಹುದಿತ್ತಲ್ಲೇ?"

ಮಗಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಯಾವಾಗ್ಲೂ ಕಲೆಸ್ತಿರ್ತೀಯ" ಎಂದಳು. ದೂರುವ ದನಿಯೇನಲ್ಲ. ಇವತ್ತು ಯಾವ ವಾರ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ಅಂಟಕ್ಕ ಅಣ್ಣನನ್ನು ಕೂಗಿದಳು. ಅವನು ಬಲೆ ತಂದ. ಬಲೆ ಕಂಡದ್ದೇ ನಿಂಬೆ ಇನ್ನಷ್ಟು ಬೆದರಿತು. ಅದಕ್ಕೆ ಬೆದರಿದಾಗ ಗೊತ್ತಿರುವ ಉಪಾಯವೂ ಒಂದೇ, ಮರಳಿಗೆ ನುಗ್ಗುವುದು. ಮೂಲೆಯಲ್ಲಿ ನುಗ್ಗಿತು, ಬಂಡೆಯ ಬುಡದಲ್ಲಿ ನುಗ್ಗಿತು. ಟಕ್, ಟಕ್. ಮಗಳು ಅಮ್ಮನ ಸೆರಗು ಹಿಡಿದು ಒಂದೇ ಸಮ ಜಗ್ಗತೊಡಗಿದಳು. ಬಲೆ ಬಿಟ್ಟರು. ಡ್ರಮ್ಮುಗಳನ್ನು ಎಳೆದು ತಂದು, ಪೈಪು ಹಾಕಿ, ತೊಟ್ಟಿಯ ನೀರನ್ನು ಮೊಣಕೈಮಟ್ಟಕ್ಕೆ ಇಳಿಸಿದರು. ಸುಸ್ತಾಗಿ ಬಂಡೆಗೊರಗಿದ್ದ ಮೀನನ್ನು ಅಂಟಕ್ಕ ಒಂದು ಬೋಗುಣಿಯಲ್ಲಿ ನೀರಿನ ಸಮೇತ ಎತ್ತಿದಳು. ಟಬ್ಬಿಗೆ ಈ ಸಲ ಅವಳೇ ಕೈಯಾರೆ ಮರಳು ಹಾಸಿದಳು. ಬಿಟ್ಟದ್ದೇ ತಡ, ನಿಂಬೆ ಮುಳುಗಿ ಮರೆಯಾಯಿತು. ಮರಳಿನ ಮೇಲೆ ಚಿಕ್ಕದೊಂದು ಕುಳಿ ಮಾತ್ರ ಉಳಿಯಿತು.

ಅಣ್ಣ ಹಣೆ ಒರೆಸಿಕೊಂಡ. ಅವನು ಕೆಟ್ಟವನಲ್ಲ, ಆದರೆ ಲೆಕ್ಕ ತಿಳಿದವನು. ನಾಳೆ ಸಂಜೆ ಮೀನಿನ ಅಂಗಡಿಯವನಿಗೆ ಬರಹೇಳುತ್ತೇನೆ, ಇದನ್ನು ವಾಪಸು ಕೊಟ್ಟು ಮರಳಿನ ಹಂಗಿಲ್ಲದ ಬೇರೆ ಮೀನು ತರೋಣ, ಗುಬ್ಬಿಗೆ ಇದಕ್ಕಿಂತ ಚಂದದ್ದು ನಾನೇ ಆರಿಸಿ ಕೊಡುತ್ತೇನೆ ಎಂದ. ಮಾತು ಸರಿಯಾಗೇ ಇತ್ತು. ಅಂಟಕ್ಕನಿಗೂ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಮಗಳು ಅಳುತ್ತಾಳೇನೋ ಎಂದು ನೋಡಿದಳು. ಮಗಳು ಅಳಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಮಗಳು ಶಾಲೆಯ ಬಟ್ಟೆ ತೊಟ್ಟು ಟಬ್ಬಿನ ಪಕ್ಕ ಕೂತಿದ್ದಾಳೆ. ಮಡಿಲಲ್ಲಿ ಮೀನಿನ ತಿನಿಸಿನ ಡಬ್ಬಿ. ಅದರಿಂದ ಚಮಚೆಯಲ್ಲಿ ತೆಗೆದು ಒಂದು ಸಣ್ಣ ಕವರಿಗೆ ತುಂಬುತ್ತಿದ್ದಾಳೆ. ಕವರಿನ ಬಾಯಿ ಮಡಚಿ ರಬ್ಬರು ಹಾಕಿ, ಅಮ್ಮನ ಕಡೆ ನೀಡಿದಳು. ಅವರು ಬಂದಾಗ ಕೊಡಬೇಕಂತೆ. ಇದನ್ನೇ ತಿನ್ನುತ್ತದಂತೆ, ಬೇರೆ ಹಾಕಿದರೆ ಉಗಿಯುತ್ತದಂತೆ, ಬಾಯಿ ನೋವಾಗಿರುವುದರಿಂದ ನೆನೆಸಿ ಹಾಕಬೇಕಂತೆ. ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಒಪ್ಪಿಸಿದಳು.

ಅಂಟಕ್ಕ ಕವರು ಹಿಡಿದು ನಿಂತಳು. ಬೇಡ ಅಂತ ಒಂದು ಮಾತು ಹೇಳಲಿಲ್ಲವಲ್ಲ ಈ ಮಗು. ಹಟ ಹಿಡಿಯಲಿಲ್ಲ, ಊಟ ಬಿಡಲಿಲ್ಲ, ಕಾಲು ನೆಲಕ್ಕೆ ಅಪ್ಪಳಿಸಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದು ಎಂದೋ ತೀರ್ಮಾನಿಸಿಕೊಂಡು, ಕಳಿಸಿಕೊಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ. ಇಷ್ಟು ಬುದ್ಧಿ ಇದಕ್ಕೆ ಯಾರು ಕಲಿಸಿದ್ದು? ನೆರೆಯವರು ಎಷ್ಟೋ ಸಲ ಹೊಗಳಿದ್ದರು, ನಿಮ್ಮ ಮಗಳು ಒಂದಿಷ್ಟೂ ತೊಂದರೆ ಕೊಡಲ್ಲ ಬಿಡಿ ಎಂದು. ಅಂಟಕ್ಕ ಹಿಗ್ಗಿದ್ದಳು ಕೂಡ. ಈಗ ಅದು ನೆನಪಾಗಿ ಕವರನ್ನು ಪಕ್ಕಕ್ಕಿಟ್ಟಳು.

"ಬಾ ಇಲ್ಲಿ" ಎಂದಳು. ತೊಟ್ಟಿಯ ಮುಂದೆ ಕರೆದುಕೊಂಡು ಹೋದಳು. "ಅದು ಮಲಗ್ತಿದ್ದ ಜಾಗ ಸರಿಯಾಗಿ ಎಲ್ಲಿ? ಬೆರಳಿಟ್ಟು ತೋರಿಸು."

ಮಗಳು ಅಮ್ಮನ ಮುಖ ನೋಡಿದಳು. ಬೆರಳು ತಡೆಯುತ್ತ ತಡೆಯುತ್ತ ಗಾಜಿನ ಮೇಲೆ ಬಂದು ನಿಂತಿತು. ದಿಬ್ಬದ ನೆತ್ತಿ. ಅಲೆಗೆರೆಗಳೆಲ್ಲ ಕೂಡಿ ಬರುವ ಕಡೆ, ಕಪ್ಪೆಚಿಪ್ಪು ಅರ್ಧ ಹೂತಿಟ್ಟ ಕಡೆ. ಇಡೀ ತಳದಲ್ಲಿ ಅಂಟಕ್ಕ ಎರಡೆರಡು ಸಲ ಕೆರೆದು ಮತ್ತೆ ಮಾಡಿದ್ದು ಆ ಒಂದು ಗೇಣು ಜಾಗವನ್ನು.

ಉಳಿ, ಸುತ್ತಿಗೆ, ಗರಗಸದ ಬ್ಲೇಡು ತಂದಳು. ನೀರು ನೆನ್ನೆ ಇಳಿಸಿದಷ್ಟೇ ಇತ್ತು. ಸ್ಟೂಲು ಹತ್ತಿ, ತೊಟ್ಟಿಯೊಳಗೆ ಬಗ್ಗಿ, ದಿಬ್ಬದ ಸುತ್ತ ಉಳಿಯಿಟ್ಟು ಹೊಡೆದಳು. ಮೊದಲ ಏಟಿಗೆ ಗೀರು ಬಿತ್ತು. ಗಟ್ಟಿಯಾಗಲೆಂದೇ ಮಾಡಿದ್ದಲ್ಲವೆ, ಸುಲಭಕ್ಕೆ ಬಗ್ಗಲಿಲ್ಲ. ಏಟಿನ ಸದ್ದಿಗೆ ಅಣ್ಣ ಲುಂಗಿ ಎತ್ತಿ ಕಟ್ಟುತ್ತ ಓಡಿಬಂದ. ತೊಟ್ಟಿಯೊಳಗೆ ಬಗ್ಗಿ ನೋಡಿದ.

"ನಾಳೆ ಅವರು ಬರ್ತಾರೆ ಕಣೇ" ಎಂದ.

"ಗೊತ್ತು."

"ಒಂದು ಮೀನಿಗೋಸ್ಕರ! ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ನಿಂದು. ನಾಳೆ ಒಂದು ದಿನ ತಡಿ, ಅವರು ನೋಡ್ಕೊಂಡು ಹೋಗ್ಲಿ, ಆಮೇಲೆ ಇಡೀ ತೊಟ್ಟಿ ಒಡಿ, ನಾನೇ ಸುತ್ತಿಗೆ ಕೊಡ್ತೀನಿ."

ಅಂಟಕ್ಕ ಕೈ ನಿಲ್ಲಿಸಿದಳು. ಅಣ್ಣ ಹೇಳುವುದರಲ್ಲಿ ನ್ಯಾಯವಿತ್ತು. ಅವನ ಸೂರಿನಡಿ ತಾನಿರುವುದೂ ನಿಜ. ಇನ್ನೊಂದೇ ದಿನ. ಮೀನು ಟಬ್ಬಿನಲ್ಲಿ ಸುಖವಾಗೇ ಇದೆ. ಆದರೆ ಅವಳಿಗೆ ತನ್ನ ಬಾಯಿಂದ ಹೊರಡಲಿದ್ದ ಮಾತು ಕೇಳಿಸಿತು. ಆಮೇಲೆ. ಹಿಂದೆ ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು, ಇದು ಹೀಗೇ ಆಗುವುದೆಂದು ಗೊತ್ತಿದ್ದವಳಂತೆ, ಬಾಗಿಲ ಕಡೆ ಆಗಲೇ ಹೊರಟಿದ್ದಳು.

"ಆಗಲ್ಲ ಅಣ್ಣ" ಎಂದಳು. "ನಿನಗೆ ನಷ್ಟ ಮಾಡ್ತಿದ್ದೀನಿ. ಬೈ. ಆದರೆ ಆಮೇಲೆ ಅಂತ ಮಾತ್ರ ನನ್ನ ಕೈಲಿ ಹೇಳಿಸಬೇಡ."

ಅಣ್ಣ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಾಗೇ ಒಳಗೆ ಹೋದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರಗಿತ್ತಿಯೂ ಅವಳೇ, ದೊಣ್ಣೆಯೂ ಅವಳದೇ. ಚೂರು ಚೂರಾಗಿ ದಿಬ್ಬ ಎದ್ದುಬಂತು. ಒಳಗಿನ ಫೋಮ್ ಕಿತ್ತು, ಅಡಿಯ ಹಲಗೆ ಕೊಯ್ದು ಗಾಜಿನ ತನಕ ಗುಂಡಿ ಮಾಡಿ, ಒಡೆದ ಅಂಚಿಗೆ ನೀರಲ್ಲೂ ಬಿಗಿಯುವ ಮೇಣದಂಥ ಅಂಟನ್ನು ಒತ್ತಿ, ಗುಂಡಿಯ ತುಂಬ ತೊಳೆದ ಮರಳು ಸುರಿದಳು. ತಳಕ್ಕೆ ಕೂರಿಸಿದ ಅದೇ ಚೀಲದ ಮರಳು. ನೀರು ತುಂಬಿಸಿದ ಮೇಲೆ ಆ ದಿನವೆಲ್ಲ ಅದು ಹಾಲು ಚೆಲ್ಲಿದಂತೆ ಕದಡಿಕೊಂಡಿತ್ತು. ಮೀನಿನ ಅಂಗಡಿಯವನಿಗೆ ಬರಬೇಡ ಎಂದು ಅವಳೇ ಫೋನ್ ಮಾಡಿ ಹೇಳಿದಳು.

ಮರುದಿನ ಬೆಳಿಗ್ಗೆ ನೀರು ತಿಳಿಯಾದ ಮೇಲೆ ನಿಂಬೆಯನ್ನು ತೊಟ್ಟಿಗೆ ಬಿಟ್ಟರು. ಮಧ್ಯಾಹ್ನ ಹೋಟೆಲಿನ ಮೇಲ್ವಿಚಾರಕಿ ಬಂದರು. ಕೈಯಲ್ಲಿ ನಕ್ಷೆ, ಜೊತೆಗೆ ಇಬ್ಬರು. ಅಣ್ಣ ಇಸ್ತ್ರಿ ಶರ್ಟು ತೊಟ್ಟು, ಎಂದಿನಂತೆ ನಗಿಸುತ್ತಲೇ ವಿವರಿಸಿದ. ಅವರಿಗೆ ತಳ ಹಿಡಿಸಿತು, ಅದು ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಪಂಪಿನ ಹರಿವು ತಿರುಗಿ, ಗುಂಡಿಯಿಂದ ಒಂದು ಹಿಡಿ ಮರಳು ಎದ್ದು, ನಿಧಾನವಾಗಿ ಪಕ್ಕದ ಹವಳದ ಮೇಲೆ ಇಳಿಯಿತು. ಇದೇನು, ಹಾರುವುದಿಲ್ಲ ಅಂದಿರಲ್ಲ ಎಂದು ಕೇಳಿದರು ಅವರು. ಅಣ್ಣ ಒಂದು ಕ್ಷಣ ತಂಗಿಯ ಕಡೆ ನೋಡಿದ. ಸುಳ್ಳು ಹೇಳಲು ಅವನಿಗೆ ದಾರಿ ಎಷ್ಟೋ ಇದ್ದವು. "ಅದೊಂದು ಮೀನು ಮಲಗೋ ಜಾಗ ಮೇಡಂ" ಎಂದ. "ಅಷ್ಟು ಬಿಟ್ಟರೆ ಉಳಿದದ್ದೆಲ್ಲ ಕಲ್ಲು." ಅವರು ನಕ್ಕರು. ಚೆನ್ನಾಗಿದೆ, ತಿಳಿಸುತ್ತೇವೆ ಎಂದು ಹೇಳಿ ಹೊರಟರು. ತಿಳಿಸುತ್ತೇವೆ ಎಂಬ ಮಾತಿನ ಅರ್ಥ ವ್ಯಾಪಾರ ಮಾಡಿದ ಯಾರಿಗೆ ಗೊತ್ತಿಲ್ಲ? ಅಣ್ಣ ಇಸ್ತ್ರಿ ಶರ್ಟಿನಲ್ಲೇ ಗಾಜು ಕತ್ತರಿಸಲು ಕೂತ. ಇಡೀ ಮಧ್ಯಾಹ್ನ ತಂಗಿಯೊಂದಿಗೆ ಮಾತಾಡಲಿಲ್ಲ, ಕೆಲಸಗಾರರೂ ಅವಳ ಕಣ್ಣು ತಪ್ಪಿಸಿ ಓಡಾಡಿದರು.

ಸಂಜೆ ದೀಪ ಮಂದವಾಗುವ ಹೊತ್ತಿಗೆ ತಾಯಿ ಮಗಳು ತೊಟ್ಟಿಯ ಮುಂದೆ ನಿಂತರು. ನಿಂಬೆ ಬಂತು. ಜಾಗ ಮರೆತಿರಲಿಲ್ಲ. ಒಂದು ಸುತ್ತು ಹಾಕಿತು, ತಲೆ ಕೆಳಗೆ ಮಾಡಿತು, ಅಲ್ಲಿಗೇ ನಿಂತಿತು. ಮರಳಿಗೆ ಮೂತಿ ತಾಗುವಷ್ಟು ಹತ್ತಿರ ಹೋಗಿ ನಡುಗಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಅಂಟಕ್ಕ ನೋಡುತ್ತ ನಿಂತಳು. ಗುಂಡಿಯ ಮರಳಿಗೂ ಸುತ್ತಲಿನ ತಳಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎಲ್ಲಿ ಮೆತ್ತಗೆ, ಎಲ್ಲಿ ಗಟ್ಟಿ ಎಂದು ಮಾಡಿದ ಅವಳಿಗೇ ಗಾಜಿನ ಹೊರಗಿಂದ ತಿಳಿಯುತ್ತಿರಲಿಲ್ಲ. ಇನ್ನು ಬಾಯಿ ಒಡೆದುಕೊಂಡ ಮೀನು ಯಾವ ಧೈರ್ಯದ ಮೇಲೆ ನಂಬಬೇಕು? ರವಿಕೆಯ ತೋಳು ಮಡಚಿ ನೀರಿಗೆ ಕೈಯಿಳಿಸಿ ಮರಳನ್ನು ಕಲಕಿದಳು. ನಿಂಬೆ ಬಾಣದಂತೆ ಬಂಡೆಯ ಹಿಂದಕ್ಕೆ ಓಡಿತು.

"ಹಾಗಲ್ಲಮ್ಮ" ಎಂದಳು ಮಗಳು. "ಜೋರಾಯ್ತು."

ಸ್ಟೂಲು ಎಳೆದುಕೊಂಡು ಹತ್ತಿದಳು. ಭುಜದವರೆಗೆ ತೋಳು ಇಳಿಸಿ, ಬೆರಳ ತುದಿಗಳನ್ನು ಮರಳಿನಲ್ಲಿ ಊರಿ, ಒಂದಿಷ್ಟು ಎತ್ತಿ, ಬೆರಳ ಸಂದಿನಿಂದ ಸೋರಲು ಬಿಟ್ಟಳು. ಮತ್ತೆ ಊರಿದಳು. ಆಮೇಲೆ ಕೈಯನ್ನು ಅಲ್ಲೇ ಬಿಟ್ಟಳು. ಅಂಟಕ್ಕ ಸ್ಟೂಲು ಜಾರದಂತೆ ಹಿಡಿದು ನಿಂತಳು. ಬಂಡೆಯ ಸಂದಿನಲ್ಲಿ ಹಳದಿ ಚುಕ್ಕೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು.

"ಅಮ್ಮ" ಎಂದಳು ಮಗಳು, ನೀರಿನ ಕಡೆಯೇ ನೋಡುತ್ತ. "ಇನ್ನೊಂದು ಹೇಳ್ಬೇಕಿತ್ತು."

"ಹೇಳು."

"ಶಾಲೇಲಿ ನನ್ನ ಬೆಂಚಲ್ಲಿ ಯಾರೂ ಕೂರಲ್ಲ. ನನ್ನ ಬಟ್ಟೆ ಅಂಟಿನ ವಾಸನೆ ಬರುತ್ತಂತೆ."

ಅಂಟಕ್ಕನ ಬಾಯಿಗೆ ಹತ್ತು ಮಾತು ಬಂದವು. ಬಟ್ಟೆ ಬೇರೆ ಕಡೆ ಒಣಗಿಸುತ್ತೇನೆ, ಟೀಚರ ಹತ್ತಿರ ಮಾತಾಡುತ್ತೇನೆ, ಯಾರು ಹಾಗೆ ಅಂದಿದ್ದು ಹೇಳು. ಒಂದನ್ನೂ ಆಡಲಿಲ್ಲ. ಸ್ಟೂಲಿನ ಅಂಚು ಹಿಡಿದ ಬೆರಳುಗಳನ್ನು ನೋಡಿಕೊಂಡಳು. ಎಷ್ಟು ತಿಕ್ಕಿದರೂ ಹೋಗದ ಪೊರೆ ಅಲ್ಲೇ ಇತ್ತು.

"ಯಾವಾಗಿಂದ?" ಎಂದಳು.

"ಮೊದಲಿಂದ."

ನಿಂಬೆ ಹತ್ತಿರ ಬಂದಿತ್ತು. ಮಗಳ ಹೆಬ್ಬೆರಳಿನ ಪಕ್ಕ ನಿಂತು, ಸೋರುವ ಕಾಳುಗಳನ್ನು ನೋಡಿ, ಹರಿದ ಬಾಯಿಯನ್ನು ಮರಳಿಗೆ ತಾಗಿಸಿತು. ತಡೆಯಿತು. ಆಮೇಲೆ ನುಗ್ಗದೆ, ತಳ್ಳಿಕೊಳ್ಳುತ್ತ, ಅರ್ಧ ಮೈ ಒಳಗೆ ಹಾಕಿತು. ಬಾಲ ಹೊರಗೇ ಉಳಿಯಿತು. ಅದು ಪೂರ್ತಿ ಹೋಗುತ್ತದೋ, ಆ ಬಾಯಲ್ಲಿ ನಾಳೆ ತಿನ್ನುತ್ತದೋ, ಹೇಳುವಂತಿರಲಿಲ್ಲ. ಮಗಳು ಕೈ ಅಲುಗಿಸಲಿಲ್ಲ. ಹೊರಗೆ ಅಣ್ಣ ಶಟರು ಎಳೆಯುವ ಸದ್ದು ಕೇಳಿಸಿತು. ಅವನು ಇವರನ್ನು ಕರೆಯದೆ ಮನೆಯ ಕಡೆ ಹೋದ.

"ಇನ್ನೂ ಇದೆಯಾ?" ಎಂದು ಕೇಳಿದಳು ಅಂಟಕ್ಕ.

ಮಗಳು ನೀರಿನಿಂದ ಕಣ್ಣು ತೆಗೆದು ಅಮ್ಮನ ಕಡೆ ತಿರುಗಿದಳು.

"ಇದೆ" ಎಂದಳು.